ಪುರಿಕಲ್ಲು

ಮಂಡ್ಯದ ನಮ್ಮ ಕಾಲೇಜಿನ ಮಣ್ಣಿನ ಲ್ಯಾಬಿಗೆ
ಮಾರ್ಚಿ ತಿಂಗಳ ಒಂದು ಮಧ್ಯಾಹ್ನ ಬಂತು ಚೀಲ,
ಎರಡು ಸಮುದ್ರ ದಾಟಿ, ಆರು ಮುದ್ರೆ ಒತ್ತಿಸಿಕೊಂಡು.
ಸೊಂಟ ಬಿಗಿದು ಬಗ್ಗಿದ ಬೋರಲಿಂಗಯ್ಯ
ಎತ್ತಿದ ರಭಸಕ್ಕೆ ಹಿಂದಕ್ಕೆ ವಾಲಿದ:
"ಇದೇನ್ ಮೇಡಮ್, ಮಣ್ಣು ಅಂದ್ರಿ, ಪುರಿ ಕಳ್ಸವ್ರೆ!"

ನಿಜ, ಪುರಿಯೇ.
ಭೂಮಿಯ ಬಾಂಡಲಿಯಲ್ಲಿ ಯಾವ ಕಾಲದಲ್ಲೋ ಹುರಿದದ್ದು.
ಒಳಗಿನ ಆವಿ ಹೊರಬೀಳುವ ಆತುರದಲ್ಲಿ
ತೂತು ಬಿಟ್ಟುಹೋದ ಬಿಳಿಬೂದು ಕಲ್ಲು.
ನಮ್ಮ ಕಡೆ ಇಂಥದನ್ನು ಹಿಮ್ಮಡಿ ಉಜ್ಜಲು
ಬಚ್ಚಲ ಗೂಡಿನಲ್ಲಿ ಇಟ್ಟುಕೊಳ್ಳುತ್ತೇವೆ.
ಅಲ್ಲಿ, ಬೆಂಕಿಬೆಟ್ಟದ ಬುಡದಲ್ಲಿ,
ಅದರ ಮೇಲೆ ಶಾಲೆ ಕಟ್ಟುತ್ತಾರಂತೆ,
ರೈಲು ಓಡಿಸುತ್ತಾರಂತೆ.

ಇಶ್ರತ್ ಜರಡಿ ಜೋಡಿಸಿದಳು, ಒಂದರ ಮೇಲೊಂದು,
ಹಿತ್ತಾಳೆಯ ಗೋಪುರ. ಹತ್ತು ನಿಮಿಷ ಗಡಗಡ.
ಮೇಲೆ ಕಡಲೆಯಷ್ಟು ದಪ್ಪದವು, ಕೆಳಗೆ ಸಾಸಿವೆ, ರಾಗಿ,
ಅದಕ್ಕೂ ಕೆಳಗೆ ಗಸಗಸೆ,
ತಳದ ತಟ್ಟೆಯಲ್ಲಿ ವಿಭೂತಿಯಂಥ ಹುಡಿ.
ಒಂದೊಂದು ಗಾತ್ರವನ್ನೂ ಬೇರೆಯಾಗಿ ರಬ್ಬರು ತೊಗಲಿಗೆ ತುಂಬಿ
ನೀರಿನ ಬಿಗಿತದೊಳಗೆ ನಿಲ್ಲಿಸಿ
ನೆತ್ತಿಯಿಂದ ಅದುಮುತ್ತ ಹೋದೆವು.
ಕಿಟಕಿಯಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ.

ಸುತ್ತಲ ಒತ್ತಡ ಕಡಿಮೆ ಇದ್ದಾಗ ಎಲ್ಲರೂ ಮರ್ಯಾದಸ್ಥರೇ.
ಕಾಳು ಕಾಳಿನ ಭುಜ ಹತ್ತಿ, ಹೊರಳಿ, ಜಾಗ ಮಾಡಿಕೊಂಡು,
ಕಂಬ ಕೊಂಚ ಉಬ್ಬಿ, ಆಮೇಲೆ ಸೋಲುತ್ತಿತ್ತು.
ಒತ್ತಡ ಏರಿಸಿದೆವು.
ಕಡಲೆ ಗಾತ್ರದವು ಮೊದಲು ಮಾತಾಡಿದವು:
ಚಿಟ್.
ಮತ್ತೆ, ಚಿಟ್ ಚಿಟಿಲ್.
ಹತ್ತಲಿಲ್ಲ, ಉಬ್ಬಲಿಲ್ಲ, ಇದ್ದಲ್ಲೇ ಕುಸಿದವು.
ಪರದೆಯ ಮೇಲಿನ ಗೆರೆ ತಲೆಯೆತ್ತದೆ ಮಲಗಿತು.
ಅದೇ ಒತ್ತಡಕ್ಕೆ ಗಸಗಸೆ ಗಾತ್ರದವು
ಹಲ್ಲು ಕಚ್ಚಿ ನಿಂತೇ ಇದ್ದವು.

"ದೊಡ್ದಲ್ವಾ ಗಟ್ಟಿ ಇರ್ಬೇಕಾದ್ದು?" ಬೋರಲಿಂಗಯ್ಯನ ತಕರಾರು.
ದೊಡ್ಡದರೊಳಗೆ ಬಿರುಕು ಬಚ್ಚಿಟ್ಟುಕೊಳ್ಳಲು
ಕೋಣೆಗಳೂ ಹೆಚ್ಚು, ಅಂದೆ.
ಚೂರಾಗುತ್ತ ಚೂರಾಗುತ್ತ ಬಡಗೋಡೆಗಳೆಲ್ಲ ಒಡೆದು ಮುಗಿದಿರುತ್ತವೆ,
ಉಳಿದ ಕಣಕ್ಕೆ ಒಡೆಯಲು ದಾರಿಯೇ ಕಡಿಮೆ.
ಅವನು ತಲೆಯಾಡಿಸಲಿಲ್ಲ.
ಕಿಸೆಯಿಂದ ಪುರಿ ತೆಗೆದು ಮೇಜಿನ ಮೇಲಿಟ್ಟು ಹೆಬ್ಬೆರಳಲ್ಲಿ ಅದುಮಿದ.
ಬೆಲ್ಲದ ಹೆಂಟೆಯೊಂದನ್ನು ಅದುಮಿದ.
ಅದರಿಂದ ಉದುರಿದ ಸಣ್ಣ ಹರಳನ್ನು ಅದುಮಿ
ಬೆರಳಲ್ಲಿ ಬಿದ್ದ ಗುಳಿ ನೋಡಿಕೊಂಡ.
"ಸರಿ ಬುಡಿ."

ನಾಲ್ಕನೇ ವಾರ ಇಶ್ರತ್ ಎಲ್ಲ ಗಾತ್ರ ಬೆರೆಸಿದಳು.
ಅತಿ ಹೆಚ್ಚಿನ ಒತ್ತಡ. ಮುಗಿದ ಮೇಲೆ ಒಣಗಿಸಿ, ಮತ್ತೆ ಜರಡಿ.
ಮೇಲಿನ ಜರಡಿಯಲ್ಲಿ, ಇರಬಾರದಷ್ಟು,
ಕಡಲೆ ಗಾತ್ರದವು ಇಡಿಯಾಗಿ ಕೂತಿದ್ದವು.
"ತೂಕ ತಪ್ಪಿರಬೇಕು, ಈ ಸಾಲು ಹೊಡೆದುಹಾಕಲಾ?"
ಪೆನ್ನು ಎತ್ತಿಯೇ ಬಿಟ್ಟಿದ್ದಳು.
ಬೇಡ, ಅಂದೆ. ಬೋರ್ಡಿನ ಮೇಲೆ ಬಿಲ್ಲೆಗಳನ್ನು ಬರೆದೆ:
ಎರಡೇ ಕಡೆ ನೆರೆಯಿದ್ದರೆ ಅದು ಅಡಕತ್ತರಿಯ ಅಡಿಕೆ.
ಮೂವತ್ತು ಪುಟ್ಟವು ಮೈಗೊರಗಿ ನಿಂತರೆ
ಅದೇ ಭಾರ ಮೂವತ್ತು ಪಾಲು,
ಸೀಳಬೇಕಾದದ್ದು ತಬ್ಬುತ್ತದೆ.
ಅವಳು ಕೇಳುತ್ತಿರಲಿಲ್ಲ.
ಉಳಿದವುಗಳಲ್ಲಿ ಒಂದನ್ನು
ನೀರಿನ ಲೋಟಕ್ಕೆ ಹಾಕಿ ನೋಡುತ್ತಿದ್ದಳು.
ತೇಲುತ್ತಿತ್ತು.

ಸಂಜೆ ಲೆಕ್ಕ.
ಹಾಕಿದ್ದು ಏಳುನೂರು ಗ್ರಾಂ,
ಸಿಕ್ಕಿದ್ದು ಆರುನೂರ ತೊಂಬತ್ತೆಂಟೂವರೆ.
ನಷ್ಟದ ಕಾಲಮ್ಮಿನಲ್ಲಿ ಒಂದೂವರೆ ಅಂತ ಬರೆಯುವಾಗ
ಬೋರಲಿಂಗಯ್ಯ ಮೀಸೆ ಒರೆಸಿದ ಟವೆಲು ಚಾಚಿ,
"ಇದ್ನೂ ತೂಗ್ಬುಡಿ," ಅಂದ.
ಇಶ್ರತ್ ನಕ್ಕಳು, ನಕ್ಕು ಕೆಮ್ಮಿದಳು.
ನಾಳೆಯಿಂದ ಮಾಸ್ಕು, ಅಂದೆ, ತಡವಾಗಿ.

ಲೋಟ ಮರೆತೇ ಹೋಗಿತ್ತು.
ಮೂರನೇ ದಿನ ತೊಳೆಯಲು ತೆಗೆದುಕೊಂಡವನು
ಬಾಗಿಲಿಂದಲೇ ಕೂಗಿದ:
"ಮೇಡಮ್, ನಿಮ್ ಕಲ್ಲು ಮುಳುಗೈತೆ."
ಒಂದೊಂದೇ ತೂತು ಹುಡುಕಿ ಒಳಹೋಗಲು
ಮಂಡ್ಯದ ನಲ್ಲಿ ನೀರಿಗೆ
ಅಷ್ಟು ಹೊತ್ತು ಹಿಡಿದಿತ್ತು.